ರೊಟ್ಟಿ ಬಡಿಯುವವರಿಗೆ ಪಾಡ್‌ಕಾಸ್ಟ್ ಯಾಕೆ ಬೇಕು?

ಪ್ರಶ್ನೆ: ನಾನು ಮಹಾಲಿಂಗಪುರದವಳು. ನಾವು ಹನ್ನೊಂದು ಹೆಣ್ಣುಮಕ್ಕಳು ಸ್ವಸಹಾಯ ಸಂಘದ ಮೂಲಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿಪುಡಿ) ಮಾಡಿ ಮಾರುತ್ತೇವೆ. ಬೆಳಗಾವಿಯಲ್ಲಿ ಓದುತ್ತಿರುವ ಮಗಳು, ಸಣ್ಣ ಉದ್ಯೋಗ ನಡೆಸುವ ಮಹಿಳೆಯರ ಪಾಡ್‌ಕಾಸ್ಟ್ ಕೇಳು ಎಂದು ಇಂಗ್ಲಿಷಿನವು, ಹಿಂದಿಯವು ಕೆಲವನ್ನು ಮೊಬೈಲಿಗೆ ಹಾಕಿಕೊಟ್ಟಿದ್ದಾಳೆ. ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ತಿಳಿದದ್ದೂ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ನಮ್ಮ ಭಾಗದವರ ಮಾತನ್ನೇ ಮುದ್ರಿಸಿ ನಾವೇ ಒಂದು ಮಾಡೋಣ ಎನ್ನುತ್ತಾಳೆ. ಇದರಿಂದ ನಿಜವಾಗಿ ಉಪಯೋಗವಿದೆಯೆ? ಖರ್ಚೆಷ್ಟು? ನನ್ನ ದನಿ ಚಲೋ ಇಲ್ಲ, ಮಾತೂ ಶುದ್ಧವಿಲ್ಲ. ಯಾರು ಕೇಳುತ್ತಾರೆ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಉಪಯೋಗವಿದೆ, ಆದರೆ ಒಂದು ಕರಾರಿನ ಮೇಲೆ. ಮಾತಾಡುವವರು ತಮ್ಮ ಲೆಕ್ಕವನ್ನು ಬಿಚ್ಚಿ ಹೇಳಬೇಕು. ಲೆಕ್ಕವಿಲ್ಲದೆ ಬರೀ ಕಷ್ಟ, ಛಲ, ಗೆಲುವಿನ ಕತೆಯಾದರೆ ಕೇಳಿದವರಿಗೆ ಕಣ್ಣು ಒದ್ದೆಯಾಗಬಹುದು, ಮಾರನೆಯ ದಿನದ ವ್ಯಾಪಾರದಲ್ಲಿ ಏನೂ ಬದಲಾಗುವುದಿಲ್ಲ. ಮೊದಲು ಬಾನುಲಿಗಾಗಿ, ಆಮೇಲೆ ಮಹಿಳಾ ಸಂಘಗಳ ತರಬೇತಿಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಹಲವು ವರ್ಷ ದನಿ ಮುದ್ರಿಸಿದ ಮೇಲೆ ನನಗೆ ಗಟ್ಟಿಯಾಗಿ ಉಳಿದಿರುವ ಅಭಿಪ್ರಾಯ ಇದೊಂದೇ, ಆದ್ದರಿಂದ ತಮ್ಮ ಉಳಿದ ಪ್ರಶ್ನೆಗಳನ್ನೂ ಇದರ ಜೊತೆಗಿಟ್ಟೇ ನೋಡುತ್ತೇನೆ.

ಪಾಡ್‌ಕಾಸ್ಟ್ (ದನಿ ಮುದ್ರಿಸಿ ಅಂತರ್ಜಾಲದಲ್ಲಿಟ್ಟ, ಬೇಕೆಂದಾಗ ಕೇಳಬಹುದಾದ ಮಾತುಕತೆ) ಎಂಬ ಮಾತು 2004ರಲ್ಲಿ ಬ್ರಿಟನ್ನಿನ ಒಂದು ಪತ್ರಿಕಾ ಲೇಖನದಲ್ಲಿ ಮೊದಲು ಕಾಣಿಸಿಕೊಂಡಿತು. ಮರುವರ್ಷ ಆ್ಯಪಲ್ ಕಂಪನಿ ಹಾಡು ಕೇಳುವ ತನ್ನ ತಂತ್ರಾಂಶ ಐಟ್ಯೂನ್ಸ್‌ನಲ್ಲಿ ಅದಕ್ಕೆ ಜಾಗ ಕೊಟ್ಟ ಮೇಲೆ ಬಳಕೆ ಹಬ್ಬಿತು. ಬಾನುಲಿಗೂ ಇದಕ್ಕೂ ಇರುವ ವ್ಯತ್ಯಾಸ ಸರಳವಾದದ್ದು. ಬಾನುಲಿ ಬರುವ ಹೊತ್ತಿಗೆ ನಾವು ಬಿಡುವಾಗಿರಬೇಕು, ಪಾಡ್‌ಕಾಸ್ಟ್ ನಮ್ಮ ಬಿಡುವಿಗಾಗಿ ಕಾಯುತ್ತದೆ. ಈಗ ಯೂಟ್ಯೂಬಿನಲ್ಲಿ ಇಬ್ಬರು ದೊಡ್ಡ ಮೈಕಿನ ಮುಂದೆ ಕುಳಿತು ಮಾತಾಡುವ ವಿಡಿಯೊವನ್ನೂ ಜನ ಪಾಡ್‌ಕಾಸ್ಟ್ ಎಂದೇ ಕರೆಯುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಆದರೆ ತಮ್ಮಂಥವರಿಗೆ ಅದು ಒದಗುವುದು ಕಷ್ಟ. ಹಂಚಿನ ಮುಂದೆ ಕುಳಿತವರ ಕೈ ಹಿಟ್ಟಿನಲ್ಲಿ, ಕಣ್ಣು ಬೆಂಕಿಯ ಮೇಲೆ ಇರುತ್ತದೆ. ಖಾಲಿ ಇರುವುದು ಕಿವಿ ಮಾತ್ರ. ಅಲ್ಲದೆ, ಹಣ ಕಟ್ಟದೆ ಬಳಸುವ ಯೂಟ್ಯೂಬಿನಲ್ಲಿ ಮೊಬೈಲಿನ ಪರದೆ ಆರಿಸಿದೊಡನೆ ದನಿಯೂ ನಿಲ್ಲುತ್ತದೆ. ಆದ್ದರಿಂದ ತಾವು ಮಾಡುವುದಾದರೆ ಬರೀ ದನಿಯದನ್ನೇ ಮಾಡಿ.

ಮಗಳು ಹಾಕಿಕೊಟ್ಟವು ತಮಗೆ ಹೊಂದದಿರುವುದಕ್ಕೆ ಭಾಷೆಯೊಂದೇ ಕಾರಣವಲ್ಲ. ಅಮೆರಿಕದ ಸಾರ್ವಜನಿಕ ಬಾನುಲಿ ಸಂಸ್ಥೆ ಎನ್‌ಪಿಆರ್ 2016ರಲ್ಲಿ ಶುರು ಮಾಡಿದ, ಗೈ ರಾಝ್ ನಡೆಸಿಕೊಡುವ ‘ಹೌ ಐ ಬಿಲ್ಟ್ ದಿಸ್’ ಇಂಥ ಮಾತುಕತೆಗಳಿಗೆ ಒಂದು ಅಚ್ಚನ್ನೇ ಹಾಕಿಕೊಟ್ಟಿತು. ಸಣ್ಣದಾಗಿ ಆರಂಭ, ಮಧ್ಯದಲ್ಲಿ ಮುಳುಗುವ ಹಂತ, ಕೊನೆಗೆ ದೊಡ್ಡ ಕಂಪನಿ: ಕತೆಯ ನಡೆ ಬಹುಮಟ್ಟಿಗೆ ಹೀಗೆ. ಅದೇ ವರ್ಷ ನಿಕೈಲಾ ಮ್ಯಾಥ್ಯೂಸ್ ಒಕೋಮೆ ಎಂಬುವರು ಕಪ್ಪು ವರ್ಣದ ಮಹಿಳೆಯರು ನೌಕರಿಯ ಜೊತೆಗೇ ಕಟ್ಟಿದ ಉದ್ಯಮಗಳ ಕುರಿತು ‘ಸೈಡ್ ಹಸಲ್ ಪ್ರೊ’ ಆರಂಭಿಸಿದರು. ಇದು ತಮ್ಮ ಪರಿಸ್ಥಿತಿಗೆ ಒಂದು ಹೆಜ್ಜೆ ಹತ್ತಿರ, ಏಕೆಂದರೆ ಅಲ್ಲಿ ಮಾತಾಡುವವರಿಗೂ ದಿನದಲ್ಲಿ ಎರಡು ಪಾಳಿಯ ದುಡಿಮೆ ಇರುತ್ತದೆ. ಆದರೂ ಅಲ್ಲಿನ ಬಂಡವಾಳ, ಗಿರಾಕಿ, ಕಾನೂನು ಎಲ್ಲವೂ ಅಲ್ಲಿನವೇ. ಕನ್ನಡದಲ್ಲಿ ‘ತಲೆ-ಹರಟೆ’ಯಂಥ ಪಾಡ್‌ಕಾಸ್ಟ್ ವಿಜ್ಞಾನ, ಅರ್ಥಶಾಸ್ತ್ರ, ಇತಿಹಾಸಗಳ ಬಗ್ಗೆ ತಾಸುಗಟ್ಟಲೆ ಮಾತಾಡಿ ಕೇಳುಗರನ್ನು ಹಿಡಿದಿಟ್ಟಿದೆ, ಹೀಗಾಗಿ ಕನ್ನಡದಲ್ಲಿ ಉದ್ದದ ಮಾತುಕತೆಯನ್ನು ಯಾರೂ ಕೇಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಪಾಡ್‌ಕಾಸ್ಟ್ ತಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ, ಅಷ್ಟೆ.

ಹಾಗಾದರೆ ತಮ್ಮ ಕೆಲಸಕ್ಕೆ ಹೊಂದುವ ಮಾತು ಹೇಗಿರಬೇಕು? ಒಂದು ಅನುಭವ ಹೇಳುತ್ತೇನೆ. ವಿಜಯಪುರ ಜಿಲ್ಲೆಯ ಒಂದು ಊರಿನಲ್ಲಿ ರೊಟ್ಟಿ ಕೇಂದ್ರ ನಡೆಸುವ ಒಬ್ಬ ಅಕ್ಕನ ಮುಂದೆ ಮೈಕು ಹಿಡಿದು, ನಾನು ಮನೆಯಲ್ಲಿ ಬರೆದು ಒಯ್ದಿದ್ದ ಪ್ರಶ್ನೆಗಳನ್ನು ಕೇಳಿದೆ: ಈ ಉದ್ಯಮಕ್ಕೆ ತಮಗೆ ಸ್ಫೂರ್ತಿ ಯಾರು, ಎದುರಾದ ಸವಾಲುಗಳೇನು. ಆಕೆ ಸೆರಗಿನಿಂದ ಹಣೆ ಒರೆಸಿಕೊಂಡು, “ಏನಿಲ್ರಿ, ದೇವರು ನಡಸ್ಯಾನ, ನಡದೈತಿ” ಎಂದು ಸುಮ್ಮನಾದರು. ನಾಲ್ಕು ಪ್ರಶ್ನೆಗೂ ಅದೇ ಉತ್ತರ. ನಾನು ಸೋತು, ಮೈಕು ತೆಗೆಯುವ ಮುನ್ನ ಮಾತಿಗೆಂದು, “ಈ ಸಲ ಜ್ವಾಳ ಹೆಂಗ ಸಿಕ್ಕಾವ್ರಿ?” ಎಂದೆ. ಆಮೇಲೆ ಇಪ್ಪತ್ತು ನಿಮಿಷ ಅವರನ್ನು ನಿಲ್ಲಿಸಲಾಗಲಿಲ್ಲ. ಯಾವ ಅಡತಿಯಲ್ಲಿ ತೂಕ ಸರಿ, ಹೊಸ ಜೋಳದ ಹಿಟ್ಟಿಗೆ ಜಿಗಿ ಎಷ್ಟು, ಹಳೆಯದು ಬೆರೆಸಿದರೆ ರೊಟ್ಟಿ ಅಂಚಿನಲ್ಲಿ ಯಾಕೆ ಒಡೆಯುತ್ತದೆ, ಒಡೆದದ್ದನ್ನು ಯಾರು ಅರ್ಧ ಬೆಲೆಗೆ ಒಯ್ಯುತ್ತಾರೆ, ಲಗ್ನಸರಾಯಿಯಲ್ಲಿ ಹೆಚ್ಚುವರಿ ಹೆಣ್ಣಾಳು ಸಿಗದಿದ್ದರೆ ಯಾವ ಗಿರಾಕಿಗೆ ಇಲ್ಲವೆನ್ನಬೇಕು, ಎಲ್ಲವೂ ಬಂತು. ಸವಾಲು, ಸ್ಫೂರ್ತಿ ಎರಡೂ ಆ ಮಾತಿನೊಳಗೇ ಇದ್ದವು. ಆ ದಿನದಿಂದ ನಾನು ಪ್ರಶ್ನೆಪಟ್ಟಿಯ ಮೊದಲ ಸಾಲಿನಲ್ಲಿ ಹೋದ ವಾರದ ಒಂದು ದಿನವನ್ನು ಇಡುತ್ತೇನೆ. “ಹೋದ ಮಂಗಳವಾರ ಎಷ್ಟಕ್ಕೆ ಎದ್ದಿರಿ, ಏನು ತಂದಿರಿ, ಎಷ್ಟು ಮಾರಿದಿರಿ, ಗಲ್ಲಾದಲ್ಲಿ ಏನು ಉಳಿಯಿತು?” ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ.

ಲೆಕ್ಕವನ್ನು ದನಿಯಲ್ಲಿ ಹೇಗೆ ಹೇಳಿಸುವುದು ಎಂಬುದಕ್ಕೆ ಒಂದು ಉದಾಹರಣೆ ಕಟ್ಟುತ್ತೇನೆ. ಅಂಕಿಗಳು ನಾನು ಹಿಡಿದವು, ತಾವು ತಮ್ಮ ಊರಿನ ದರ ಹಾಕಿಕೊಳ್ಳಬೇಕು. ಒಂದು ದಿನಕ್ಕೆ 300 ರೊಟ್ಟಿ. ಹಿಟ್ಟು 12 ಕಿಲೊ, ಕಿಲೊಗೆ 45 ರೂಪಾಯಿಯಂತೆ 540. ಗ್ಯಾಸ್ 150, ಕವರು 90, ಆಟೊ 60. ಒಟ್ಟು ಖರ್ಚು 840. ಒಡೆದದ್ದು 15 ತೆಗೆದರೆ ಮಾರಿದ್ದು 285, ಒಂದಕ್ಕೆ 5 ರೂಪಾಯಿಯಂತೆ 1,425. ಉಳಿದದ್ದು 585. ಇಷ್ಟರವರೆಗೆ ಎಲ್ಲರೂ ಬಾಯಲ್ಲೇ ಹೇಳುತ್ತಾರೆ. ಈಗ ಕೇಳಬೇಕಾದದ್ದು ತಾಸಿನ ಲೆಕ್ಕ. ಇಬ್ಬರು ಆರು ತಾಸು ಬಡಿದರು ಎಂದರೆ 12 ತಾಸು, ತಾಸಿಗೆ 48 ರೂಪಾಯಿ 75 ಪೈಸೆ ಬಿತ್ತು. ಆದರೆ ರೊಟ್ಟಿ ಆರಿಸಿ, ಎಣಿಸಿ, ಕಟ್ಟಿ, ಅಂಗಡಿಗೆ ಮುಟ್ಟಿಸಿ ಬಂದ ಮೂರು ತಾಸನ್ನು ಯಾರು ಬರೆದರು? ಅದನ್ನು ಸೇರಿಸಿದರೆ 15 ತಾಸು, ತಾಸಿಗೆ 39 ರೂಪಾಯಿ. ಹಂಚು ತೊಳೆದದ್ದು, ಉದ್ರಿ ಕೇಳಲು ಅಡ್ಡಾಡಿದ್ದು ಇನ್ನೂ ಹೊರಗೇ ಇದೆ. ಈ ಲೆಕ್ಕವನ್ನು ಒಬ್ಬ ಹೆಣ್ಣುಮಗಳು ತನ್ನ ದನಿಯಲ್ಲಿ, ನಡುವೆ ತಡೆದು, ಬೆರಳು ಎಣಿಸಿ, “ಅಯ್ಯ, ಇದನ್ನ ನಾ ಹಿಡದೇ ಇಲ್ರಿ” ಎಂದು ಹೇಳಿದಾಗ ಅದನ್ನು ಕೇಳುವ ಇನ್ನೊಬ್ಬಳು ತನ್ನ ಬೆಲೆಯನ್ನು ತಾನೇ ತಿದ್ದಿಕೊಳ್ಳುತ್ತಾಳೆ. ಕಾಗದದ ಮೇಲೆ ಇದೇ ಕೋಷ್ಟಕವನ್ನು ತರಬೇತಿಯಲ್ಲಿ ಹಂಚಿದಾಗ ಆ ಪರಿಣಾಮ ಆಗಿದ್ದನ್ನು ನಾನು ನೋಡಿಲ್ಲ. ಸ್ವತಃ ಹಂಚಿದವನಾಗಿಯೇ ಹೇಳುತ್ತಿದ್ದೇನೆ, ಆ ಹಾಳೆಗಳಲ್ಲಿ ಹೆಚ್ಚಿನವು ಹಿಂಡಿ ಕಟ್ಟಲು ಹೋದವು.

ಮಾತಾಡಿಸಲು ಜನರ ಕೊರತೆ ತಮಗೆ ಬರಲಾರದು. ಇಳಕಲ್ಲಿನಲ್ಲಿ ಸೀರೆಯ ಮೈಯ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಅದಕ್ಕೆ ಕೂಲಿ ಬೇರೆ ಇದೆಯೋ ಸೀರೆಯ ಕೂಲಿಯಲ್ಲೇ ಮುಳುಗಿದೆಯೋ ಎಂದು ಕೇಳಿ. ಕಂಡಿಕೆ ಸುತ್ತುವುದು (ಲಾಳಿಗೆ ನೂಲು ಸುತ್ತಿಕೊಡುವುದು) ಮನೆಯ ಹೆಣ್ಣುಮಕ್ಕಳ ಪಾಲಿಗೆ ಬಂದ ಕೆಲಸವಾಗಿದ್ದು, ಎಷ್ಟೋ ಮನೆಗಳ ಲೆಕ್ಕದಲ್ಲಿ ಅದರ ಸೊಲ್ಲೇ ಇರುವುದಿಲ್ಲ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಿಕೆಯ (ಇಂಥ ಊರಿನ ಸರಕೇ ಎಂಬ ಕಾನೂನಿನ ಗುರುತು) ಮಾನ್ಯತೆ ಇದೆ. ಅದರಿಂದ ಮಗ್ಗದ ಮುಂದೆ ಕುಳಿತವಳಿಗೆ ಒಂದು ಸೀರೆಗೆ ಒಂದು ರೂಪಾಯಿಯಾದರೂ ಹೆಚ್ಚು ಬಂತೆ ಎಂಬುದು ಪಾಡ್‌ಕಾಸ್ಟಿನ ಒಂದು ಇಡೀ ಕಂತಿಗೆ ಸಾಕಾಗುವ ಪ್ರಶ್ನೆ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳನ್ನು ದನಿಯಲ್ಲಿ ತೋರಿಸಲಾಗದು, ನಿಜ. ಆದರೆ ಬಟ್ಟೆಯ ಹಿಂದೆ ಗಂಟು ಕಾಣದಂತೆ ಹಾಕಲು ಎಷ್ಟು ದಿನ ಹಿಡಿಯಿತು, ದಾರ ಯಾರದು, ಹಣ ಕೊಡುವುದು ಒಂದೊಂದು ಬುಟ್ಟಿಯ (ಚಿತ್ತಾರದ) ಲೆಕ್ಕವೋ ಸೀರೆಯ ಲೆಕ್ಕವೋ ಎಂಬುದನ್ನು ದನಿಯಲ್ಲಿ ಚೆನ್ನಾಗಿ ಹೇಳಬಹುದು. ಅಮೀನಗಡದ ಕರದಂಟು, ಇಂಡಿ ಕಡೆಯ ಲಿಂಬೆಯ ಉಪ್ಪಿನಕಾಯಿ, ವಿಜಯಪುರದ ಒಣದ್ರಾಕ್ಷಿ ಆರಿಸುವ ಶೆಡ್ಡುಗಳು ಸರಿಯೇ. ಆದರೆ ಹೆಸರಾದ ಕಸುಬುಗಳ ಹಿಂದೆಯೇ ಹೋಗಬೇಡಿ. ಫಾಲು-ಪೀಕೊ ಮಾಡುವವಳು, ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು, ಹಿಟ್ಟಿನ ಗಿರಣಿ ನಡೆಸುವವಳು, ಕೌದಿ ಹೊಲಿಯುವವಳು ಇವರನ್ನು ಯಾರೂ ಮಾತಾಡಿಸಿರುವುದಿಲ್ಲ, ಆದ್ದರಿಂದ ಅವರಲ್ಲಿ ಸವೆದ ಉತ್ತರಗಳೂ ಇರುವುದಿಲ್ಲ.

ಇನ್ನು ಉದ್ರಿ. ಸಣ್ಣ ವ್ಯಾಪಾರದ ಹೆಣ್ಣುಮಕ್ಕಳ ಮಾತು ಐದನೆಯ ನಿಮಿಷಕ್ಕೆ ಉದ್ರಿಗೆ ಬಂದೇ ಬರುತ್ತದೆ, ಎಚ್ಚರ ಬೇಕಾದದ್ದೂ ಇಲ್ಲೇ. ನನ್ನದೇ ತಪ್ಪೊಂದನ್ನು ಹೇಳಬೇಕು. ಚಟ್ನಿಪುಡಿ ಮಾಡುವ ಒಬ್ಬರು, ತಮ್ಮ ಊರಿನ ಒಂದು ಖಾನಾವಳಿಯವರು ಮೂರು ತಿಂಗಳಿಂದ ಬಾಕಿ ಕೊಟ್ಟಿಲ್ಲವೆಂದೂ, ಕೇಳಲು ಹೋದರೆ “ನಾಳೆ ಬಾ ಬೇ” ಎನ್ನುತ್ತಾರೆಂದೂ ಹೇಳಿದರು. ಖಾನಾವಳಿಯ ಹೆಸರನ್ನು ನಾನು ಕತ್ತರಿಸಿದೆ, ಸಾಕೆಂದುಕೊಂಡೆ. ಆ ಊರಿನಲ್ಲಿ ಅಷ್ಟು ಪುಡಿ ಕೊಳ್ಳುವ ಖಾನಾವಳಿಗಳು ಎರಡೇ ಇದ್ದವು. ಹದಿನೈದು ದಿನದೊಳಗೆ ಮಾತು ಮುಟ್ಟಬೇಕಾದವರಿಗೆ ಮುಟ್ಟಿತು. ಬಾಕಿ ಬರಲಿಲ್ಲ, ಆರ್ಡರೂ ನಿಂತಿತು. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನಾನು ಮೂರು ನಿಯಮ ಪಾಲಿಸುತ್ತೇನೆ. ಮುದ್ರಿಸುವ ಮೊದಲು ಒಪ್ಪಿಗೆ ಕೇಳುವುದಷ್ಟೇ ಅಲ್ಲದೆ, ಕತ್ತರಿಸಿ ಸಿದ್ಧವಾದ ಕಂತನ್ನು ಮಾತಾಡಿದವರಿಗೇ ಮೊದಲು ಕೇಳಿಸಿ, ಎರಡು ದಿನ ಬಿಟ್ಟು ಮತ್ತೆ ಕೇಳುತ್ತೇನೆ. ಬಾಕಿದಾರ, ಸಾಲಗಾರ, ಅತ್ತೆ, ನಾದಿನಿ ಇವರ ಗುರುತು ಸಿಗುವ ಊರು, ತಿಂಗಳು, ಮೊತ್ತಗಳನ್ನು ತೆಗೆಯುತ್ತೇನೆ. ಸಾಲದ ಮಾತು ಬಂದರೆ ದನಿಯ ಒಡತಿ ಬೇಡವೆಂದ ಕ್ಷಣ ಕಂತನ್ನೇ ಕೈಬಿಡುತ್ತೇನೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ನೆನೆದರೆ, ವಾರವಾರ ಸಾಲದ ಹಣ ಕಟ್ಟುವ ಹೆಣ್ಣುಮಕ್ಕಳಿಗೆ ಈ ಮಾತು ಎಷ್ಟು ಸೂಕ್ಷ್ಮವಾದದ್ದೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು: ಸಂದರ್ಶನದ ಹೊತ್ತಿಗೆ ಮನೆಯ ಗಂಡಸರು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರೆ ಲೆಕ್ಕ ಬದಲಾಗುತ್ತದೆ. ಭಿಶಿಯಲ್ಲಿ (ಚೀಟಿಯಲ್ಲಿ) ಕಟ್ಟಿದ ಹಣ ಇರುವುದಿಲ್ಲ, ಗಲ್ಲಾದಿಂದ ಮನೆಗೆ ಹೋದ ಹಣ ಇರುವುದಿಲ್ಲ. ಅವರನ್ನು ಎಬ್ಬಿಸುವ ಉಪಾಯ ತಮಗೇ ಚೆನ್ನಾಗಿ ಗೊತ್ತಿರುತ್ತದೆ. ಚಹಾದ ಪುಡಿ ತರಲು ಕಳಿಸುವುದು ನನ್ನ ಅನುಭವದಲ್ಲಿ ಸಾಲುವುದಿಲ್ಲ, ಬೇಗ ವಾಪಸು ಬರುತ್ತಾರೆ.

ಸರ್ಕಾರದ ಯೋಜನೆಗಳ ಬಗ್ಗೆ ಕಂತು ಮಾಡಬೇಕೆಂಬ ಆಸೆ ಎಲ್ಲರಿಗೂ ಮೊದಲಿಗೇ ಬರುತ್ತದೆ. ಉದ್ಯೋಗಿನಿ, 2015ರಲ್ಲಿ ಬಂದ ಮುದ್ರಾ, 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆ ಇವನ್ನು ಪಟ್ಟಿ ಮಾಡಿ ಓದಿದರೆ ಅದು ಕರಪತ್ರವಾಗುತ್ತದೆ. ಮುದ್ರಾದ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಾಲ, ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಹೊಂದಿಕೊಂಡು ಯೋಜನಾ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಎಂಬುದನ್ನು ಯಾರು ಬೇಕಾದರೂ ಹೇಳುತ್ತಾರೆ. ಹೇಳದೆ ಉಳಿಯುವುದು ಬೇರೆ ಇದೆ: ರೊಟ್ಟಿ ಯಂತ್ರಕ್ಕೆ ಅರ್ಜಿ ಹಾಕಿದವಳು ಬ್ಯಾಂಕಿಗೆ ಎಷ್ಟು ಸಲ ಅಲೆದಳು, ಯಾವ ಕಾಗದ ಕಡಿಮೆ ಬಿತ್ತು, ಯಂತ್ರದ ದರಪಟ್ಟಿ ಯಾರಿಂದ ತಂದಳು, ತನ್ನ ಪಾಲಿನ ಹಣ ಎಲ್ಲಿಂದ ಹೊಂದಿಸಿದಳು, ಯಂತ್ರ ಬಂದ ಮೇಲೆ ಕರೆಂಟಿನ ಬಿಲ್ಲು ಎಷ್ಟಾಯಿತು, ಯಂತ್ರದ ರೊಟ್ಟಿಯನ್ನು ಹಳೆಯ ಗಿರಾಕಿಗಳು ಒಪ್ಪಿದರೇ. ಹಾಗೆ ಹೋಗಿ ಬಂದ ಒಬ್ಬಳನ್ನು ಹುಡುಕಿ ಮಾತಾಡಿಸಿ, ಕಂತಿನ ಆರಂಭದಲ್ಲಿ ಮುದ್ರಿಸಿದ ದಿನಾಂಕ ಹೇಳಿ. ನಿಯಮಗಳು ಬದಲಾಗುತ್ತವೆ, ದನಿ ಮಾತ್ರ ಮೊಬೈಲಿನಲ್ಲಿ ವರ್ಷಗಟ್ಟಲೆ ಸುತ್ತುತ್ತಿರುತ್ತದೆ.

ದನಿಮುದ್ರಣದ ವಿಚಾರಕ್ಕೆ ಬರೋಣ. ಮೊಬೈಲು ಸಾಕು. ಅದರ ಜೊತೆಗೆ ಸೆರಗಿಗೆ ಸಿಕ್ಕಿಸುವ ವೈರಿನ ಮೈಕು ಒಂದಿದ್ದರೆ ದನಿಯ ಗುಣ ತುಂಬ ಸುಧಾರಿಸುತ್ತದೆ. ಸುಮಾರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಮಗಳ ಹತ್ತಿರ ಕಂಪ್ಯೂಟರ್ ಇದ್ದರೆ ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ದೊರೆಯುತ್ತದೆ. ಉಪಕರಣಕ್ಕಿಂತ ಜಾಗದ ಆಯ್ಕೆ ಮುಖ್ಯ. ತಗಡಿನ ಶೆಡ್ಡು, ಟೈಲ್ಸ್ ಹಾಕಿದ ಖಾಲಿ ಕೋಣೆ ಎರಡರಲ್ಲೂ ದನಿ ಗುಂಯ್ ಎನ್ನುತ್ತದೆ. ಜೋಳದ ಚೀಲ, ಹಾಸಿಗೆ, ಅರಿವೆ ತುಂಬಿದ ಉಗ್ರಾಣದ ಕೋಣೆ ಬಹಳ ಒಳ್ಳೆಯದು. ಬಾಗಿಲಿಗೆ, ಕಿಟಕಿಗೆ ಎರಡು ಕೌದಿ ಇಳಿಬಿಟ್ಟರೆ ಪಟ್ಟಣದ ಸ್ಟುಡಿಯೊದವರು ಸಾವಿರಾರು ರೂಪಾಯಿಯ ಫೋಮು ಅಂಟಿಸಿ ಮಾಡುವ ಕೆಲಸದ ಬಹುಪಾಲು ಆಗಿಹೋಗುತ್ತದೆ. ಹಲವು ಪದರ ಹಳೆ ಸೀರೆ ಸೇರಿ ಹೊಲಿದ ಕೌದಿಯಷ್ಟು ದನಿ ಹೀರುವ ವಸ್ತು ನಮ್ಮ ಮನೆಗಳಲ್ಲಿ ಇನ್ನೊಂದಿಲ್ಲ. ಫ್ಯಾನು ಬಂದ್ ಮಾಡಿ, ಫ್ರಿಜ್ಜಿನ ಗುರುಗುಟ್ಟುವಿಕೆ ಇದೆಯೇ ನೋಡಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮಾತಿನ ನಡುವೆ ಕರೆ ಬಂದು ಮುದ್ರಣ ನಿಂತು, ಆಮೇಲೆ ಅದೇ ಮಾತನ್ನು ಮತ್ತೊಮ್ಮೆ ಹೇಳಿಸಲು ಹೋದರೆ ಅದು ಪಾಠ ಒಪ್ಪಿಸಿದಂತೆ ಕೇಳುತ್ತದೆ.

ಕೆಲಸದ ಸಪ್ಪಳವನ್ನು ಮಾತಿನ ಅಡಿಯಲ್ಲಿ ಹಿಡಿಯಲು ಹೋಗಬೇಡಿ. ರೊಟ್ಟಿ ಬಡಿಯುವ ಸಪ್ಪಳ ಕಣ್ಣೆದುರಿಗೆ ಇಂಪಾಗಿದ್ದರೂ ಮೈಕಿನಲ್ಲಿ ಮಾತನ್ನು ನುಂಗುತ್ತದೆ, ಮಗ್ಗದ ಲಾಳಿಯದಂತೂ ಕೇಳಲೇಬೇಡಿ. ಮಾತನ್ನು ಬೇರೆ ಕೋಣೆಯಲ್ಲಿ ಮುದ್ರಿಸಿ, ಎರಡು ನಿಮಿಷದ ಸಪ್ಪಳವನ್ನು ಪ್ರತ್ಯೇಕವಾಗಿ ಹಿಡಿದು, ಕಂತಿನ ಆರಂಭಕ್ಕೆ ಹತ್ತು ಸೆಕೆಂಡು ಇಟ್ಟರೆ ಸಾಕು. ನಾಡಿನ ಈ ಭಾಗದವರು ಆ ಸಪ್ಪಳ ಕೇಳಿದೊಡನೆ ಯಾವ ಕೆಲಸವೆಂದು ತಿಳಿಯುತ್ತಾರೆ, ಪರಿಚಯದ ನಾಲ್ಕು ವಾಕ್ಯ ಉಳಿಯುತ್ತದೆ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ಅದರ ಹಕ್ಕು ಬೇರೆಯವರದು, ಹಾಕಿದರೆ ಕಂತನ್ನೇ ಜಾಲತಾಣದವರು ತೆಗೆದುಹಾಕಬಹುದು.

ಮಾತು ಶುದ್ಧವಿಲ್ಲ ಎಂದಿದ್ದೀರಿ. ಯಾವುದಕ್ಕೆ ಹೋಲಿಸಿ ಶುದ್ಧವಿಲ್ಲ? ಈ ಉತ್ತರವನ್ನು ನಾನು ಬರಹದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದು ಬರಹ. ದನಿಯಲ್ಲಿ ಇದೇ ಭಾಷೆಯನ್ನು ಆಡಿದರೆ ನಮ್ಮ ಹೆಣ್ಣುಮಕ್ಕಳು ಅದನ್ನು ಸರ್ಕಾರಿ ಪ್ರಕಟಣೆಯೆಂದು ತಿಳಿದು ಬೇರೆ ಕೆಲಸಕ್ಕೆ ಎದ್ದುಹೋಗುತ್ತಾರೆ. ‘ನಷ್ಟ’ ಎನ್ನುವವಳು ಒಬ್ಬಳಿದ್ದರೆ ‘ಲುಕ್ಸಾನ’ ಎನ್ನುವವರು ಹತ್ತು ಮಂದಿ. ‘ರೋಖ’, ‘ಉದ್ರಿ’, ‘ಕೀರ್ದಿ’, ‘ಹಪ್ತೆ’ ಇವು ವ್ಯಾಪಾರದ ಮಾತುಗಳೇ, ತಿದ್ದಲು ಹೋಗಬೇಡಿ. ಬೆಳಗಾವಿ, ಖಾನಾಪುರದ ಕಡೆ ಮರಾಠಿಯಲ್ಲೂ ವಿಜಯಪುರದ ಕೆಲವು ಓಣಿಗಳಲ್ಲಿ ದಖನಿಯಲ್ಲೂ ಮಾತಾಡುವವರು ಸಿಗುತ್ತಾರೆ. ಅವರನ್ನು ಒತ್ತಾಯದ ಕನ್ನಡಕ್ಕೆ ಎಳೆಯುವುದಕ್ಕಿಂತ, ಅವರು ತಮ್ಮ ಮಾತಿನಲ್ಲೇ ಹೇಳಲಿ, ನಡುನಡುವೆ ತಾವು “ಅಂದ್ರ ಅಕ್ಕಾರು ಹೇಳೂದು ಏನಂದ್ರ” ಎಂದು ತಿರುಳನ್ನು ಕನ್ನಡದಲ್ಲಿ ಹೇಳುತ್ತ ಹೋಗಿ. ಲೆಕ್ಕದ ಅಂಕಿಗಳನ್ನು ಮಾತ್ರ ಎರಡು ಸಲ ಹೇಳಿಸಿ. ಕಿವಿಗೆ ಬಿದ್ದ ಅಂಕಿಯನ್ನು ಕಣ್ಣಿನಂತೆ ಹಿಂದೆ ಸರಿದು ನೋಡಲಾಗುವುದಿಲ್ಲ.

ಖರ್ಚಿನ ಪ್ರಶ್ನೆಗೆ ಉತ್ತರ: ಮೈಕಿನ ಹಣ ಬಿಟ್ಟರೆ ರೊಕ್ಕದ ಖರ್ಚು ಬಹಳ ಇಲ್ಲ, ಹೊತ್ತಿನ ಖರ್ಚು ಬಹಳ ಇದೆ. ಇಪ್ಪತ್ತು ನಿಮಿಷದ ಒಂದು ಕಂತಿಗೆ, ಮಾತಾಡಿಸುವುದು, ಕೇಳುವುದು, ಕತ್ತರಿಸುವುದು, ಒಪ್ಪಿಗೆ ಪಡೆಯುವುದು ಎಲ್ಲ ಸೇರಿ ಇಬ್ಬರಿಗೆ ಎರಡು ದಿನ ಹಿಡಿದೇ ಹಿಡಿಯುತ್ತದೆ. ಅದನ್ನೂ ತಾಸಿನ ಲೆಕ್ಕದಲ್ಲಿ ಬರೆದುಕೊಳ್ಳಿ. ವಾರಕ್ಕೊಂದು ಮಾಡುತ್ತೇವೆಂದು ಸಾರಬೇಡಿ. ಲಗ್ನಸರಾಯಿ ಮುಗಿದ ಮೇಲೆ ಹದಿನೈದು ದಿನಕ್ಕೊಂದರಂತೆ ಎಂಟು ಕಂತು ಮಾಡಿ ನಿಲ್ಲಿಸಿ, ಮತ್ತೆ ನೋಡಿ. ಸ್ಪಾಟಿಫೈನಂಥ ತಾಣಗಳು ಕಂತನ್ನು ಉಚಿತವಾಗಿ ಇಟ್ಟುಕೊಂಡು, ಆರೆಸ್ಸೆಸ್ ಫೀಡ್ ಎಂಬ ಏರ್ಪಾಡಿನ ಮೂಲಕ ಬೇರೆ ಕಡೆಗೂ ಮುಟ್ಟಿಸಲು ಅನುವು ಮಾಡಿಕೊಡುತ್ತವೆ. (ಈ ಹೆಸರು ಕೇಳಿ ಒಂದು ಸಂಘದ ಸಭೆಯಲ್ಲಿ ಅರ್ಧ ತಾಸು ರಾಜಕೀಯ ಚರ್ಚೆ ನಡೆದದ್ದುಂಟು, ಇದು ಬರೀ ತಂತ್ರಜ್ಞಾನದ ಸಂಗತಿ.) ಆದರೆ ತಮ್ಮ ಕೇಳುಗರಲ್ಲಿ ಹೆಚ್ಚಿನವರು ಇರುವುದು ವಾಟ್ಸ್ಆ್ಯಪಿನಲ್ಲಿ. ಅಲ್ಲಿಗೆ ಕಳಿಸುವಾಗ ಕಡತವನ್ನು ಮೊನೊದಲ್ಲಿ, 64 ಕಿಲೊಬಿಟ್ ಎಂಪಿ3 ಆಗಿ ಇಳಿಸಿಕೊಳ್ಳಿ ಎಂದು ಮಗಳಿಗೆ ಹೇಳಿ. ಮಾತಿಗೆ ಅದು ಧಾರಾಳ, ಇಪ್ಪತ್ತು ನಿಮಿಷದ ಕಂತು ಹತ್ತು ಎಂಬಿಯೊಳಗೆ ನಿಲ್ಲುತ್ತದೆ. ಜಾಹೀರಾತಿನಿಂದ ಹಣ ಬರುತ್ತದೆಂಬ ನಿರೀಕ್ಷೆ ಬೇಡ. ತಮ್ಮದೇ ರೊಟ್ಟಿಯ ಜಾಹೀರಾತನ್ನೂ ಕಂತಿನೊಳಗೆ ತುರುಕಬೇಡಿ. ಮಾತಾಡಲು ಬಂದ ಇನ್ನೊಬ್ಬ ರೊಟ್ಟಿಯವಳು ತನ್ನ ನಿಜವಾದ ದರ ಹೇಳುವುದು ತಮ್ಮನ್ನು ಪೈಪೋಟಿಯವರೆಂದು ಭಾವಿಸದಿದ್ದಾಗ ಮಾತ್ರ.

ಯಾರು ಕೇಳುತ್ತಾರೆ ಎಂಬ ಪ್ರಶ್ನೆಗೆ ಹಳೆಯದೊಂದು ಪ್ರಯೋಗ ನೆನಪಾಗುತ್ತದೆ. 1956ರಲ್ಲಿ, ಬೆಳಗಾವಿ, ವಿಜಯಪುರಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಅದೇ ರಾಜ್ಯದ ಮರಾಠಿ ಸೀಮೆಯ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಪುಣೆ ಆಕಾಶವಾಣಿಯು ಯುನೆಸ್ಕೊ ನೆರವಿನಿಂದ ಗ್ರಾಮೀಣ ಬಾನುಲಿ ಕೂಟಗಳನ್ನು ನಡೆಸಿತು. ಜನ ಒಂದೆಡೆ ಕುಳಿತು ಕಾರ್ಯಕ್ರಮ ಕೇಳುವುದು, ಮುಗಿದೊಡನೆ ಅದರ ಬಗ್ಗೆ ತಮ್ಮಲ್ಲೇ ಚರ್ಚಿಸುವುದು, ಸಂಶಯಗಳನ್ನು ಬರೆದು ಕಳಿಸುವುದು. ಕೇಳಿ ಬಿಡುವುದಕ್ಕಿಂತ ಕೇಳಿ ಮಾತಾಡುವುದರಿಂದ ಹೆಚ್ಚು ತಿಳಿವಳಿಕೆ ಬಂತೆಂದು ಅದರ ಮೌಲ್ಯಮಾಪನ ಕಂಡುಕೊಂಡಿತು. ತಮ್ಮಲ್ಲಿ ಆ ಕೂಟ ಸಿದ್ಧವಾಗಿಯೇ ಇದೆ, ಅದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿ, ಪುಸ್ತಕ ಬರೆದ ಮೇಲೆ ಕಂತಿನ ಹತ್ತು ನಿಮಿಷ ಕೇಳಿಸಿ, ನಿಲ್ಲಿಸಿ, “ನಮ್ಮಲ್ಲಿ ಇದು ಎಷ್ಟ ಬೀಳತೈತಿ?” ಎಂದು ಒಂದು ಪ್ರಶ್ನೆ ಹಾಕಿ. ಸಾವಿರ ಮಂದಿ ಎಲ್ಲೋ ಕೇಳಿದರೆಂಬ ಅಂಕಿಗಿಂತ, ಹನ್ನೊಂದು ಮಂದಿ ಕುಳಿತು ಕೇಳಿ ಮುಂದಿನ ವಾರ ಕವರಿನ ದರಕ್ಕೆ ಬೇರೆ ಅಂಗಡಿ ವಿಚಾರಿಸಿದರೆ ನಾನು ಅದನ್ನು ದೊಡ್ಡದೆನ್ನುತ್ತೇನೆ. ಬೆಳಗಾವಿಯಲ್ಲಿ ಕೆಎಲ್ಇ ವೇಣುಧ್ವನಿಯಂಥ ಸಮುದಾಯ ಬಾನುಲಿ ಇದೆ. ನಾಲ್ಕು ಕಂತು ಚೆನ್ನಾಗಿ ಬಂದ ಮೇಲೆ ಮಗಳು ಅಲ್ಲಿ ವಿಚಾರಿಸಿ ನೋಡಲಿ.

ದನಿ ಚಲೋ ಇಲ್ಲವೆಂಬ ಮಾತು ಉಳಿಯಿತು. ತಮ್ಮ ದನಿ ತಮಗೆ ಹಿಡಿಸದಿರುವುದು ಸಹಜ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಜೊತೆಗೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಗಿವಿ ಮುಟ್ಟುವುದರಿಂದ ದಪ್ಪವಾಗಿ ಕೇಳುತ್ತದೆ, ಮುದ್ರಣದಲ್ಲಿ ಆ ಪಾಲು ಇರುವುದಿಲ್ಲ, ತೆಳುವೆನಿಸುತ್ತದೆ. ಬೇರೆಯವರಿಗೆ ತಾವು ಮೊದಲಿನಿಂದಲೂ ಹಾಗೆಯೇ ಕೇಳಿಸಿದ್ದೀರಿ. ಪ್ರಶ್ನೆ ಕೇಳುವ ಕೆಲಸವನ್ನು ಮಗಳಿಗೆ ಬಿಡದೆ ತಾವೇ ಮಾಡಿ. ಜೋಳದ ಜಿಗಿಯ ಬಗ್ಗೆ ಮರುಪ್ರಶ್ನೆ ಹಾಕುವುದು ಹಿಟ್ಟು ನಾದಿದವರಿಗೇ ಸಾಧ್ಯ. ಮಗಳು ಮೈಕು ಹಿಡಿಯಲಿ, ಕತ್ತರಿಸಲಿ. ಮೊದಲ ಕಂತಿಗೆ ದೂರ ಹೋಗುವುದು ಬೇಡ, ತಮ್ಮ ಜೋಳ ಬೀಸಿಕೊಡುವ ಗಿರಣಿಯನ್ನು ಹೆಣ್ಣುಮಗಳೊಬ್ಬಳು ನಡೆಸುತ್ತಿದ್ದರೆ ಅವಳಲ್ಲಿಗೆ ಹೋಗಿ. ಗಿರಣಿ ನಿಂತ ಮೇಲೆ, ಮಧ್ಯಾಹ್ನ ಊಟವಾಗಿ ಅವಳು ಚೀಲಗಳ ನಡುವೆ ಕೂತ ಹೊತ್ತಿಗೆ, ಹೋದ ತಿಂಗಳು ಕರೆಂಟಿನ ಬಿಲ್ಲು ಎಷ್ಟು ಬಂತೆಂದು ಕೇಳಿ ಮೈಕಿನ ಗುಂಡಿ ಒತ್ತಿರಿ.